ಕಾಸಿದ ಕತ್ತಿಯ ಮಜ್ಜಿಗೆ

ಬೆಂಗಳೂರು
೧೧ ಜೂನ್ ೨೦೦೯

ವಜ್ರಳ್ಳಿಯ ಅಮ್ಮಮ್ಮನಿಗೆ ನಮಸ್ಕಾರ.

ನಿನ್ನೆ ತಂಗಿ ನಮಿತಾಳಿಗೆ ಎಂಆರ್‌ಐ ಮಾಡಿಸಿದೆವು. ದೊಡ್ಡ ಕೊಳವೆಯೊಳಗೆ ಮಲಗಿಸಿ, ಯಾವ ಅಂಗದಲ್ಲಿ ಎಷ್ಟು ಕಬ್ಬಿಣ ಕೂತಿದೆಯೆಂದು ಅಳೆಯುತ್ತಾರೆ. ಯಕೃತ್ತಿನಲ್ಲಿ ತುಂಬ ಇದೆ. ಹೃದಯದಲ್ಲೂ ಶುರುವಾಗಿದೆ.

ಮೈಯಲ್ಲಿ ರಕ್ತ ಸರಿಯಾಗಿ ಹುಟ್ಟದ ಅವಳ ಥಲಸ್ಸೇಮಿಯಾ ಕಾಯಿಲೆಗೆಂದು ತಿಂಗಳು ತಿಂಗಳು ಕೊಡುವ ರಕ್ತದಿಂದಲೇ ಹೆಚ್ಚಿನದು ಬಂದದ್ದು. ಆದರೂ ಮಗು ಬಿಳಿಚಿದೆಯೆಂದು ನೀನು ಕತ್ತಿಯನ್ನು ಕೆಂಪಗೆ ಕಾಸಿ, ಮಜ್ಜಿಗೆಗೆ ಅದ್ದಿ ಕುಡಿಸುವುದನ್ನು ಇಂದೇ ನಿಲ್ಲಿಸು. ಬಿಳಿಚಿದವರಿಗೆಲ್ಲ ಕಬ್ಬಿಣ ಕೊಡಿ ಎನ್ನುವ ಕರಪತ್ರವನ್ನು ಯಲ್ಲಾಪುರದಿಂದ ಯಾರಾದರೂ ತಂದರೆ ಅವರ ವಿಳಾಸ ಬರೆದಿಟ್ಟುಕೋ. ನಾನೂ ನಾಲ್ಕಕ್ಷರ ಓದಿದವಳು, ಅವರೊಡನೆ ಜಗಳ ನಾನು ಆಡುತ್ತೇನೆ.

ರಾತ್ರಿ ಹೊಟ್ಟೆಗೆ ಸೂಜಿ ಚುಚ್ಚಿ ಕಟ್ಟುವ ಪಂಪಿನ ಔಷಧವೇ ಆ ಕಬ್ಬಿಣವನ್ನು ಹೊರಹಾಕಬೇಕು. ದಿನವೂ ತಪ್ಪದೆ ಹಾಕುತ್ತಿದ್ದೇವೆ ಎಂದು ಡಾಕ್ಟರಿಗೆ ಗಟ್ಟಿಯಾಗಿ ಹೇಳಿದ್ದೆ. ಇಷ್ಟೊಂದು ಹೇಗೆ ಕೂತಿತು ಎಂದು ಅವರು ಕೇಳಿದರು.

ಹೊರಗೆ ಬಂದ ಮೇಲೆ ನಮಿತಾ ನನ್ನ ಸೆರಗು ಹಿಡಿದು, "ಅಕ್ಕ, ಅಮ್ಮಮ್ಮ ಸೂಜಿ ತೆಗೆದದ್ದು ಫೋಟೋದಲ್ಲಿ ಕಾಣ್ತಾ?" ಎಂದಳು. ಆಮೇಲೆ ಅವಳೇ ಹೇಳಿದಳು: "ಆನೇ ತೆಗೆದಿ ಹೇಳಿ ಬರೆ. ಅಮ್ಮಮ್ಮಂಗೆ ಬೈಯಡ." ತಾನೇ ತೆಗೆದದ್ದೆಂದು ನಾನು ಬರೆಯಬೇಕಂತೆ.

ರಾತ್ರಿ ನಿನ್ನ ಪಕ್ಕದಲ್ಲಿ ಮಲಗಿ ಸೂಜಿಯ ನೋವಿಗೆ ಅವಳು ಅತ್ತಾಗ ನಿನಗೆ ತಡೆಯಲಾಗುತ್ತಿರಲಿಲ್ಲ ಎಂದು ಗೊತ್ತು. ಬೈಯುತ್ತಿಲ್ಲ ಅಮ್ಮಮ್ಮ. ಆದರೆ ಹೃದಯಕ್ಕೆ ಇನ್ನು ಕಾಯುವಷ್ಟು ಸಮಯವಿಲ್ಲ.

ಶನಿವಾರ ಬರುತ್ತೇವೆ. ಅವಳು ನಿನ್ನ ಹಾಸಿಗೆಯಲ್ಲೇ ಮಲಗುತ್ತಾಳಂತೆ, ಮಲಗಲಿ. ಅತ್ತರೆ ಅವಳ ಎರಡೂ ಕೈಗಳನ್ನು ಹಿಡಿದುಕೊಂಡಿರು. ಆಗ ನಿನ್ನ ಕೈಯೂ ಸೂಜಿಯ ಕಡೆ ಹೋಗುವುದಿಲ್ಲ.

ನಿನ್ನ ಹಟಮಾರಿ ಮೊಮ್ಮಗಳು,
ಮೇಧಾ