ಅಪ್ಪನ ಬಲೆಗೆ ಬಿದ್ದ ಮಡಕೆ

ಆಂಡ್ರೋಸ್ ದ್ವೀಪ,
16 ಅಕ್ಟೋಬರ್ 2018

ಪ್ರೀತಿಯ ಕಲಿರೋಯಿ ಅಕ್ಕಾ,

ಮೊಣಕಾಲು ಹೇಗಿದೆ? ಮೆಲ್ಬರ್ನಿನ ಡಾಕ್ಟರು ಹೇಳಿದಷ್ಟು ನಡೆಯುತ್ತಿದ್ದೀಯೋ, ನಡೆದೆ ಅಂತ ಅವರಿಗೆ ಹೇಳುತ್ತಿದ್ದೀಯೋ? ನಾನು ಚೆನ್ನಾಗಿದ್ದೇನೆ. ಸಿಮೆಂಟು ಮಾರುವವನಿಗೆ ಬೆನ್ನುನೋವು ಬಿಟ್ಟರೆ ಬೇರೆ ರೋಗ ಹತ್ತಿರ ಸುಳಿಯುವುದಿಲ್ಲ.

ಮೊದಲು ಖರ್ಚು ಹೇಳಿಬಿಡುತ್ತೇನೆ. ನಮ್ಮ ಮ್ಯೂಸಿಯಮ್ಮಿನ ಪ್ರಾಚೀನ ಮಡಕೆಗಳನ್ನೆಲ್ಲ ಇಂಟರ್ನೆಟ್ಟಿಗೆ ಹಾಕಲು ಹಿಡಿದದ್ದು ಹನ್ನೊಂದು ದಿನ, ಅಥೆನ್ಸಿನ ಒಬ್ಬ ಫೋಟೋಗ್ರಾಫರು, ನನ್ನ ಅಂಗಡಿಯ ಎರಡು ಏಣಿ, ನನ್ನ ಲೆಕ್ಕದಲ್ಲಿ ನಲವತ್ತು ಕಾಫಿ. ಜೊತೆಗೆ ಅಪ್ಪನ ಮಾನ. ಅದಕ್ಕಿನ್ನೂ ಬೆಲೆ ಕಟ್ಟಿಲ್ಲ.

1966ರಲ್ಲಿ ಅಪ್ಪ ಮ್ಯೂಸಿಯಮ್ಮಿಗೆ ಕೊಟ್ಟು ಬಂದ ಕಪ್ಪು ಕುದುರೆಗಳ ಮಡಕೆ ನೆನಪಿದೆಯಲ್ಲ? ಅದರ ಚಿತ್ರ ಬಂತು. ಕೆಳಗೆ, ಹಳೆಯ ರಿಜಿಸ್ಟರಿನಲ್ಲಿದ್ದ ಹಾಗೇ, "ಸಮುದ್ರದಲ್ಲಿ ಲಿಯೊನಾರ್ಡೋಸನ ಬಲೆಗೆ ಸಿಕ್ಕಿದ್ದು" ಅಂತ ಅಪ್ಪನ ಹೆಸರು ಹಾಕಿ ಬರೆದಿದೆ. ಮೀನುಗಾರ ಫ್ರಾಂಗಿಸ್ ಕಾಫಿ ಅಂಗಡಿಯಲ್ಲಿ ಫೋನು ಹಿಡಿದು ಗಟ್ಟಿಯಾಗಿ ಓದಿದ. "ಯಾವ ಲಿಯೊನಾರ್ಡೋಸ್? ದಡದಲ್ಲಿ ದೋಣಿಗೆ ಬಣ್ಣ ಬಳೀತಿದ್ರೂ ವಾಂತಿ ಮಾಡ್ಕೊಳ್ತಿದ್ದನಲ್ಲ, ಅವನಾ?" ಅಂದ. "ಮೇಕೆ ಹಿಡಿಯೋಕೆ ಬಲೆ ಬೀಸಿರ್ಬೇಕು ಬಿಡೋ" ಅಂದ ಇನ್ನೊಬ್ಬ. ಎಲ್ಲರೂ ನಕ್ಕರು. ನಾನೂ ನಕ್ಕೆ, ನಗದಿದ್ದರೆ ಅನುಮಾನ ಬರುತ್ತಿತ್ತು. ಮ್ಯೂಸಿಯಮ್ಮಿನ ಹುಡುಗಿ ಮಿರ್ಸಿನಿ ಮಾತ್ರ ನಗಲಿಲ್ಲ.

ಮಾರನೇ ದಿನ ಅಂಗಡಿಗೇ ಬಂದಳು. "ಝನ್ನಿಸ್ ಮಾಮ, ಸಮುದ್ರದ ಮಡಕೆಗೆ ಚಿಪ್ಪು ಮೆತ್ತಿರುತ್ತೆ. ಇದರ ಹೊಟ್ಟೇಲಿ ಕೆಂಪು ಮಣ್ಣಿದೆ. ನಿಜವಾಗ್ಲೂ ಎಲ್ಲಿ ಸಿಕ್ತು ಹೇಳಿ, ತಿದ್ದಿಬಿಡ್ತೀನಿ" ಅಂದಳು. "ನಿಂಗೆ ಮೊಳೆ ಬೇಕಾ, ಬೀಗ ಬೇಕಾ?" ಅಂದೆ.

ಯಾಕೆ ಬಾಯಿ ಬಿಡಲಿಲ್ಲ ಅಂತ ನಿನಗೆ ಬಿಡಿಸಿ ಹೇಳಬೇಕೆ? ಸಿಕ್ಕಿದ್ದು ನಿನ್ನ ಬಳುವಳಿಯ ಹೊಲದಲ್ಲಿ, ಅಂಜೂರದ ಬುಡದಲ್ಲಿ. ಹಾಗಂದರೆ ಸರ್ಕಾರದವರು ಸುತ್ತ ಹಗ್ಗ ಕಟ್ಟಿ ಕೆದಕುತ್ತಾ ಕೂರುತ್ತಾರೆ. ಆಮೇಲೆ ಅಲ್ಲಿ ಕೋಳಿಗೂಡನ್ನೂ ಕಟ್ಟುವ ಹಾಗಿಲ್ಲ. ಅದಕ್ಕೇ ಅಪ್ಪ ಎಲ್ಲವನ್ನೂ ಸಮುದ್ರದ ತಲೆಗೆ ಕಟ್ಟಿದ. "ಆ ಹೊಲದಲ್ಲಿ ಮನೆ ಕಟ್ಟಿಸ್ತೀನಿ, ಬಂದು ಇರ್ತೀನಿ ಕಣೋ" ಅಂತ ನೀನು ಹಡಗು ಹತ್ತಿ ನಲವತ್ತೇಳು ವರ್ಷವಾಯಿತು. ನೀನು ನಾಲ್ಕು ಸಲ ನಕ್ಷೆ ಕಳಿಸಿದೆ. ಒಂದೊಂದರಲ್ಲೂ ಮನೆ ದೊಡ್ಡದಾಗುತ್ತಾ ಹೋಯಿತು, ಮೆಟ್ಟಿಲು ಕಮ್ಮಿಯಾಗುತ್ತಾ ಬಂದವು. ಪ್ರತಿ ವಸಂತಕ್ಕೂ ನಾನು ಹೋಗಿ ಕಳೆ ಕಿತ್ತು, ನಿನ್ನ ಅಡುಗೆಮನೆ ಬರಬೇಕಾದ ಜಾಗದಲ್ಲಿ ಕೂತು ಬ್ರೆಡ್ಡು, ಆಲಿವ್ ತಿಂದು ಬರುತ್ತೇನೆ. ಎದುರಿಗೆ ಯಾರೂ ಇರುವುದಿಲ್ಲ.

ಮಕ್ಕಳಿಗೆ ನನ್ನ ಆಶೀರ್ವಾದ. ಭಾವನ ಸಮಾಧಿಯ ಮೇಲೆ ನನ್ನ ಹೆಸರಿನಲ್ಲೂ ಒಂದು ದೀಪ ಹಚ್ಚು.

ನಿನ್ನ ತಮ್ಮ,
ಝನ್ನಿಸ್

ತಾ.ಕ.: ಅಂಚೆ ಕಚೇರಿ ಮುಚ್ಚುವ ಹೊತ್ತಾಯಿತು. ನಿನ್ನೆ ಮಿರ್ಸಿನಿಗೆ ನಿಜ ಹೇಳಿಬಿಟ್ಟೆ, ನಿನ್ನನ್ನು ಕೇಳದೆ. ಬೈಯಿ. ಆದರೆ ಬಂದು ಬೈಯಿ. ನಿನಗೆ ಎಪ್ಪತ್ತೊಂದು, ನನಗೆ ಅರವತ್ತೆಂಟು. ಆ ಮನೆ ಏಳಲಿ ಅಂತ ಕಾಯುತ್ತಾ ಕೂತರೆ ಇಬ್ಬರಲ್ಲಿ ಒಬ್ಬರಿಗೆ ತಡವಾಗುತ್ತದೆ. ಅಂಗಡಿಯ ಹಿಂದಿನ ಎರಡು ಕೋಣೆ ನಿನ್ನ ಹೆಸರಿಗೆ ಬರೆಸಿದ್ದೇನೆ, ಸುಣ್ಣ ಬಳಿಸಿ ಮಂಚ ಹಾಕಿಸಿದ್ದೇನೆ. ಮ್ಯೂಸಿಯಮ್ಮಿಗೆ ಸರಿಯಾದ ಜಾಗದ ಹೆಸರು ಸಿಕ್ಕಿತು. ಫ್ರಾಂಗಿಸನಿಗೆ ಚಳಿಗಾಲ ಪೂರ್ತಿ ನಗಲು ಒಂದು ಕಥೆ. ಸರ್ಕಾರಕ್ಕೆ ಅಗೆಯಲು ಹೊಲ. ನಿನಗೆ ಎರಡು ಕೋಣೆ. ನನ್ನ ಪಾಲಿಗೆ ಇನ್ನೂ ಏನೂ ಬಂದಿಲ್ಲ.