ನಲವತ್ತೇಳನೆಯ ಪುಟದ ಇಂಟು ಗುರುತು

ನೆರಳುಮನೆ, ಅರಸೀಕೆರೆ
೨೧೯೮ನೆಯ ಇಸವಿ, ಆಷಾಢದ ಮೂವತ್ತಮೂರನೆಯ ದಿನ

ಪೂಜ್ಯ ಪದ್ಮಜ್ಜಿಗೆ, ಚಿತ್ಕಳೆ ಮಾಡುವ ನಮಸ್ಕಾರಗಳು.

ತಾರೀಕು ನೋಡಿ ಗಾಬರಿಯಾಗಬೇಡಿ. ವರ್ಷಕ್ಕೆ ಹತ್ತೇ ತಿಂಗಳು ಸಾಕೆಂದು ತೀರ್ಮಾನವಾದ ಮೇಲೆ ನಮ್ಮಲ್ಲಿ ಆಷಾಢಕ್ಕೆ ಮೂವತ್ತಾರು ದಿನ. ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದೇ ನಿಮ್ಮ ನೋಟ್‌ಬುಕ್ಕಿನಿಂದ, ಮತ್ತು ನಿಮ್ಮ ಅಕ್ಷರವೋ, ದೇವರಿಗೇ ಪ್ರೀತಿ. ನೀವು ನನ್ನ ಮುತ್ತಜ್ಜಿಯ ಅಜ್ಜಿ. ಆದರೆ ಈ ಕಾಗದ ಕೈಸೇರುವ ದಿನ ನಿಮಗೆ ಮೂವತ್ತನಾಲ್ಕು, ಬರೆಯುತ್ತಿರುವ ನನಗೆ ಅರವತ್ತೊಂದು. ಅಜ್ಜಿ ಎಂದರೆ ಮೂತಿ ತಿರುಗಿಸುತ್ತೀರೇನೋ. ತಿರುಗಿಸಿಕೊಳ್ಳಿ, ನಾನಂತೂ ಹಾಗೇ ಕರೆಯುವುದು.

ಕಾಗದ ಬರುತ್ತಿರುವುದು ಹಿಂದಂಚೆಯಲ್ಲಿ. ಹಿಂದಂಚೆ ಎಂದರೆ ಕಳೆದುಹೋದ ದಿನಗಳಿಗೆ ಟಪಾಲು ಮುಟ್ಟಿಸುವ ಇಲಾಖೆ. ಹೇಗೆ ಮುಟ್ಟಿಸುತ್ತಾರೆ ಎಂದು ಕೇಳಬೇಡಿ, ಅಲ್ಲಿ ಕಿಟಕಿಯಲ್ಲಿ ಕೂತವರಿಗೇ ಗೊತ್ತಿಲ್ಲ. ಜನ್ಮಕ್ಕೆ ಒಂದೇ ಕಾಗದ, ಅದರಲ್ಲಿ ಒಂದೇ ಕೋರಿಕೆ. ಮುಂದಾಗುವ ಸಾವುನೋವಿನ ಸುದ್ದಿ ಬರೆಯುವಂತಿಲ್ಲ. ಆರು ವರ್ಷ ಕಾದ ಮೇಲೆ ಮೊನ್ನೆ ನನ್ನ ಸರದಿ ಬಂತು.

ಮೊದಲು ನಮ್ಮ ಲೋಕದ ವಿಚಾರ ಎರಡು ಮಾತು ಹೇಳಬೇಕು. ನಮ್ಮ ಮನೆಗಳಲ್ಲಿ ದೀಪವಿಲ್ಲ. ಗೋಡೆ, ಸೂರು, ನೆಲ ಎಲ್ಲವೂ ಒಂದೇ ಸಮ ಬೆಳಗುತ್ತವೆ. ಇದಕ್ಕೆ ಗೋಡೆಬೆಳಕು ಎನ್ನುತ್ತೇವೆ. ಕಣ್ಣಿಗೆ ಹಿತ, ಯಾವ ಮೂಲೆಯೂ ಕತ್ತಲಲ್ಲ. ಆದರೆ ನೆರಳೇ ಬೀಳುವುದಿಲ್ಲ. ಊಟದ ತಟ್ಟೆ ಮೇಜಿನ ಮೇಲೆ ಕೂತಿದೆಯೋ ತೇಲುತ್ತಿದೆಯೋ ತಿಳಿಯದಂತಿರುತ್ತದೆ. ಫೋಟೊ ತೆಗೆಯುವ ಪದ್ಧತಿಯೂ ಇಲ್ಲ. ಬೇಕಾದ್ದನ್ನು ಬಾಯಲ್ಲಿ ಹೇಳಿದರೆ ಮೂಡುವ ಚಿತ್ರಗಳಿವೆ, ಅವಕ್ಕೆ ಹೇಳುಚಿತ್ರ ಎಂದು ಹೆಸರು. ಮಾವಿನ ಹಣ್ಣು ಎಂದರೆ ಮಾವಿನ ಹಣ್ಣು, ಕಲೆಯಿಲ್ಲ, ತೊಟ್ಟಿನ ಬಳಿ ಸೊನೆಯಿಲ್ಲ. ಹೀಗಾಗಿ ಜನ ಬಿಡುವಿನ ದಿನ ನೆರಳುಮನೆಗೆ ಬರುತ್ತಾರೆ. ಇಲ್ಲಿ ನಾವು ಹಳೆಯ ರೀತಿಯಲ್ಲಿ ದೀಪ ಹಚ್ಚಿ ವಸ್ತುಗಳಿಗೆ ನೆರಳು ಮಾಡಿಕೊಡುತ್ತೇವೆ. ಹೋದ ವಾರ ಒಬ್ಬರು ತೀರಿಹೋದ ಹೆಂಡತಿಯ ಕಾಫಿ ಲೋಟ ತಂದರು. ಒಂದೇ ಒಂದು ದೀಪ ಇಟ್ಟೆ. ಲೋಟದ ನೆರಳು ಮೇಜಿನ ಮೇಲೆ ಉದ್ದಕ್ಕೆ ಮಲಗಿತು. ಅವರು ಅದರ ಮುಂದೆ ಒಂದು ಗಂಟೆ ಕೂತು ಹೋದರು.

ಈ ವಿದ್ಯೆಯೆಲ್ಲ ನಿಮ್ಮದೇ ಪದ್ಮಜ್ಜಿ. ಟೈಲರ್ ಅಂಗಡಿಯ ಮೇಲಿನ ಆ ಒಂದೇ ಕೋಣೆಯ ಸ್ಟುಡಿಯೋದಿಂದ ಒಂದು ಬಿಸ್ಕತ್ತಿನ ಡಬ್ಬ ನಮ್ಮವರೆಗೆ ಉಳಿದು ಬಂದಿದೆ. ಒಳಗೆ ನಿಮ್ಮ ನೋಟ್‌ಬುಕ್ಕು ಮತ್ತು ಮೂವತ್ತೊಂದು ಫೋಟೊ. ಉಪ್ಪಿನಕಾಯಿ ಬಾಟಲಿ, ಗಾಜಿನ ಬಳೆ, ಚಕ್ಕುಲಿ, ಮಣ್ಣಿನ ಕುಡಿಕೆ: ಊರಿನ ಹೆಂಗಸರು ಮನೆಯಲ್ಲಿ ಮಾಡಿ ಮಾರುತ್ತಿದ್ದ ಸಾಮಾನುಗಳಿಗೆ ನೀವು ಫೋಟೊ ತೆಗೆದುಕೊಟ್ಟಿದ್ದೀರಿ. ನಿಮ್ಮ ಉಪಾಯಗಳನ್ನು ಓದಿ ನಾವು ಎಷ್ಟು ನಕ್ಕಿದ್ದೇವೆ! ಕಸೂತಿ ಹಾಕುವ ಮರದ ಬಳೆಗೆ ಟ್ರೇಸಿಂಗ್ ಪೇಪರ್ ಬಿಗಿದು ಟೇಬಲ್ ಲ್ಯಾಂಪಿನ ಮುಂದೆ ಹಿಡಿದರೆ ಬೆಳಕು ಮೆತ್ತಗಾಗುತ್ತದಂತೆ. ಬಾಟಲಿ ಉರುಳದಂತೆ ತಳಕ್ಕೆ ಚಪಾತಿ ಹಿಟ್ಟು. ಕಾಫಿಯ ಹಬೆ ಬೇಕೆಂದು ಲೋಟದ ಹಿಂದೆ ಊದುಬತ್ತಿ. ಬಳೆಗಳಿಗೆ ಮಿಂಚು ಕೊಡಲು ಇಡ್ಲಿ ತಟ್ಟೆ, ಮರದ ಮೇಜು ಎಂದು ತೋರಿಸಲು ಯಾರದೋ ಮನೆಯ ಮುರಿದ ಬಾಗಿಲು. ಎಂಥ ಕಿಲಾಡಿ ಹೆಂಗಸು ನೀವು!

ಪ್ರತಿ ಪುಟದಲ್ಲೂ ಒಂದು ನಕ್ಷೆ ಬರೆದಿದ್ದೀರಿ. ದೀಪಕ್ಕೆ ಸೊನ್ನೆ, ಕ್ಯಾಮೆರಾಕ್ಕೆ ತ್ರಿಕೋನ, ಬೆಳಕನ್ನು ಹಿಂದಿರುಗಿಸುವ ಥರ್ಮೊಕೋಲ್ ಹಾಳೆಗೆ ಒಂದು ಗೆರೆ. ಆ ಗೆರೆಯ ಪಕ್ಕ ಒಂದು ಇಂಟು ಗುರುತು. ಥರ್ಮೊಕೋಲ್ ತಾನಾಗಿ ನಿಲ್ಲುವುದಿಲ್ಲವಲ್ಲ, ಇಂಟು ಎಂದರೆ ಅದನ್ನು ನಿಲ್ಲಿಸುವ ಕಂಬವಿರಬೇಕು ಎಂದುಕೊಂಡರು ನಮ್ಮ ಕರಿಬಸಪ್ಪ ಮೇಷ್ಟ್ರು. ನೆರಳುಮನೆ ಕಟ್ಟಿದವರು ಅವರೇ. ನಿಮ್ಮ ಅಳತೆಯಂತೆ ಒಂದು ಕಂಬ ಮಾಡಿಸಿ ಇಂಟುಗಂಬ ಎಂದು ಹೆಸರಿಟ್ಟರು. ಕೊನೆಕೊನೆಯ ಪುಟಗಳಲ್ಲಿ ಇಂಟು ಒಂದು ಚಿಕ್ಕ ಚೌಕದ ಮೇಲಿದೆ ಎಂದು ಕಂಬಕ್ಕೊಂದು ಪೀಠವನ್ನೂ ಮಾಡಿಸಿದರು. ನಲವತ್ತು ವರ್ಷ ಅದನ್ನು ಒರೆಸಿ, ಎಣ್ಣೆ ಹಾಕಿ, ಅಲ್ಲಿಂದಿಲ್ಲಿಗೆ ಎಳೆದಾಡಿದವಳು ನಾನು.

ಆದರೂ ನಿಮ್ಮ ಬೆಳಕು ನಮಗೆ ಒಲಿಯಲಿಲ್ಲ. ನಿಮ್ಮ ಫೋಟೊಗಳಲ್ಲಿ ವಸ್ತುವಿನ ಎಡಗಡೆಯ ನೆರಳಿನಲ್ಲಿ ಚೂರೇ ಚೂರು ಬಣ್ಣ ಇರುತ್ತದೆ. ಉಪ್ಪಿನಕಾಯಿ ಬಾಟಲಿಗೆ ಇಟ್ಟಿಗೆ ಕೆಂಪು, ಕುಡಿಕೆಗೆ ಗಿಣಿ ಹಸಿರು, ಚಕ್ಕುಲಿಗೆ ಅರಿಶಿನ. ನಾವು ಮಾಡಿದ ನೆರಳಿನಲ್ಲಿ ಬರೀ ಬೂದು. ಮೇಷ್ಟ್ರು ಹದಿನಾಲ್ಕು ಬಣ್ಣದ ಗಾಜು ತರಿಸಿದರು, ಗೋಡೆಗೆ ಕಾವಿ ಬಳಿಸಿದರು. ಊಹೂಂ. ನೋಟ್‌ಬುಕ್ಕಿನಲ್ಲಿ ಆ ಬಣ್ಣದ ಬಗ್ಗೆ ಒಂದಕ್ಷರವಿಲ್ಲ. ಇಷ್ಟು ದೊಡ್ಡ ಗುಟ್ಟನ್ನು ಬರೆದಿಡಬಾರದಿತ್ತೇ ಎಂದು ನಿಮ್ಮ ಮೇಲೆ ಸಿಟ್ಟು ಮಾಡಿಕೊಂಡಿದ್ದೂ ಉಂಟು.

ಆರು ವರ್ಷದ ಹಿಂದೆ ನಾನು ನಲವತ್ತೇಳನೆಯ ಪುಟದ ಫೋಟೊ ತೆಗೆದು ನೋಡುತ್ತಿದ್ದೆ. ಹಿತ್ತಾಳೆ ಚೆಂಬಿನದು. ಹಿಂದೆ ದೊಡ್ಡದಾಗಿ ‘ಬೇಡ’ ಎಂದು ಬರೆದಿದ್ದೀರಿ. ಪುಟದಲ್ಲಿ ನಿಮ್ಮ ಟಿಪ್ಪಣಿ ಹೀಗಿದೆ: ‘ಹಿತ್ತಾಳೆ ಎದುರಿಗಿದ್ದದ್ದನ್ನೆಲ್ಲ ತೋರಿಸಿಬಿಡುತ್ತದೆ. ಹೊಳಪು ಕಾಣದಿರಲಿ ಎಂದು ಮುಖದ ಪೌಡರ್ ಒತ್ತಿದ್ದೆ. ನಾನು ಆಚೆ ಹೋಗಿ ಬರುವಷ್ಟರಲ್ಲಿ, “ಇಷ್ಟು ಚೆನ್ನಾಗಿ ಹುಣಸೆಹಣ್ಣು ಹಾಕಿ ಬೆಳಗಿದೀನಿ, ಯಾವಳೇ ಬೂದಿ ಮೆತ್ತಿದ್ದು” ಅಂತ ಸೆರಗಿನಲ್ಲಿ ಒರೆಸಿಬಿಟ್ಟರು. ನೋಡದೆ ತೆಗೆದೆ. ಫೋಟೊ ಕೆಟ್ಟಿತು.’

ಯಾರು ಒರೆಸಿದ್ದು? ಇಷ್ಟು ವರ್ಷ ಚೆಂಬಿನ ಒಡತಿ ಇರಬೇಕು ಎಂದು ಸುಮ್ಮನಿದ್ದೆವು. ಅಂದು ಅದೇಕೋ ಭೂತಗನ್ನಡಿ ಹಿಡಿದೆ. ಚೆಂಬಿನ ಹೊಟ್ಟೆಯಲ್ಲಿ ನಿಮ್ಮ ಕೋಣೆ ಇಡಿಯಾಗಿ ಇತ್ತು. ಕಿಟಕಿ, ಲ್ಯಾಂಪು, ಕ್ಯಾಮೆರಾದ ಹಿಂದೆ ಬಗ್ಗಿದ ನೀವು. ಎಡಕ್ಕೆ, ನಿಮ್ಮ ನಕ್ಷೆಯಲ್ಲಿ ಇಂಟು ಇರುವ ಜಾಗದಲ್ಲಿ, ಅಕ್ಕಿಕಾಳಿನಷ್ಟು ಒಬ್ಬ ಹೆಂಗಸು. ಇಟ್ಟಿಗೆ ಕೆಂಪು ಸೀರೆ, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಾರೆ, ಎರಡೂ ಕೈಯಲ್ಲಿ ಥರ್ಮೊಕೋಲ್ ಎತ್ತಿ ಹಿಡಿದಿದ್ದಾರೆ. ಬಾಯಿ ತೆರೆದಿದೆ; ಬೈಯುತ್ತಿದ್ದಾರೋ ನಗುತ್ತಿದ್ದಾರೋ ಗೊತ್ತಾಗುವುದಿಲ್ಲ.

ಗುಟ್ಟು ಬರೆದಿಡಲು ಅದು ನಿಮಗೇ ಗೊತ್ತಿರಲಿಲ್ಲ. ಆ ಬಣ್ಣ ಅವರ ಸೀರೆಗೆ ತಾಗಿ ಹಿಂದಿರುಗಿದ ಬೆಳಕಿನದು, ದಿನಕ್ಕೊಂದು ಸೀರೆ. ಮೇಷ್ಟ್ರಿಗೆ ತೋರಿಸಿದೆ. ಎಂಬತ್ತೆರಡು ವರ್ಷದ ಜೀವ, ಭೂತಗನ್ನಡಿ ಕಸಿದುಕೊಂಡು ನೋಡಿದರು. “ಅಯ್ಯೋ ಚಿತ್ಕಳಾ, ನಲವತ್ತು ವರ್ಷ ಒಬ್ಬ ತಾಯೀನ ಕಂಬ ಅಂತಿದ್ವಲ್ಲೇ!” ಎಂದು ಅತ್ತರು. ನನಗೂ ತಡೆಯಲಾಗಲಿಲ್ಲ. ನಲವತ್ತನೆಯ ಪುಟದ ಅಂಚಿನಲ್ಲಿ ‘ನಿಂತೂ ನಿಂತೂ ಕಾಲು ಬಿದ್ದೋಯ್ತು ಕಣೇ, ಬೇಗ ಒತ್ತು ಅಂದರು’ ಎಂದಿದೆಯಲ್ಲ, ಅದನ್ನು ನಾವು ಯಾರೋ ಗಿರಾಕಿಯ ಮಾತು ಎಂದುಕೊಂಡಿದ್ದೆವು. ಪೀಠ ಎಂದುಕೊಂಡ ಆ ಚೌಕ ಅವರಿಗೆ ನೀವು ಹಾಕಿಕೊಟ್ಟ ಸ್ಟೂಲು. ಅದೂ ಎಂಬತ್ತನೆಯ ಪುಟಕ್ಕೆ ಹಾಕುತ್ತೀರಿ! ಇದು ಕೋರಿಕೆಯಲ್ಲ, ಬೈಗುಳ, ಆದ್ದರಿಂದ ಲೆಕ್ಕಕ್ಕಿಲ್ಲ: ಆ ಸ್ಟೂಲನ್ನು ಇವತ್ತೇ ಹಾಕಿಕೊಡಬಾರದೇ? ಎಂಬತ್ತರ ಆಚೆಗಿನ ಪುಟಗಳ ಬಗ್ಗೆ ನಾನು ಏನೂ ಬರೆಯುವಂತಿಲ್ಲ.

ಇಂಟುಗಂಬವನ್ನು ನಾವು ತೆಗೆದುಹಾಕಿದೆವು. ಈಗ ಥರ್ಮೊಕೋಲ್ ಹಿಡಿಯಲು ನಮ್ಮಲ್ಲಿ ಯಾರಾದರೊಬ್ಬರು ಬಣ್ಣದ ಬಟ್ಟೆ ಉಟ್ಟು ನಿಲ್ಲುತ್ತೇವೆ. ನಿಮ್ಮ ಬೆಳಕು ಬರುತ್ತದೆ ಪದ್ಮಜ್ಜಿ, ಥೇಟ್ ನಿಮ್ಮದೇ ಬರುತ್ತದೆ. ಆದರೆ ಅವರು ಯಾರು? ನಿಮ್ಮ ತಾಯಿಯೋ, ಅತ್ತೆಯೋ, ಸುಮ್ಮನೆ ಬಂದು ಕೂರುತ್ತಿದ್ದ ಪಕ್ಕದ ಮನೆಯವರೋ? ನಿಮ್ಮನ್ನು ‘ಕಣೇ’ ಎನ್ನುವಷ್ಟು ಹತ್ತಿರದವರು, ನೀವು ‘ಅಂದರು’ ಎಂದು ಬರೆಯುವಷ್ಟು ದೊಡ್ಡವರು. ಮೂವತ್ತೊಂದು ಫೋಟೊಗಳಲ್ಲಿ ಅವರ ಫೋಟೊ ಒಂದೂ ಇಲ್ಲ. ಇಡೀ ನೋಟ್‌ಬುಕ್ಕಿನಲ್ಲಿ ಚಪಾತಿ ಹಿಟ್ಟಿನ ಹೆಸರಿದೆ, ಊದುಬತ್ತಿಯ ಹೆಸರಿದೆ, ಅವರದಿಲ್ಲ. ಕಣ್ಣೆದುರಿಗೇ ಇರುವವರ ಹೆಸರು ಯಾರು ಬರೆದುಕೊಳ್ಳುತ್ತಾರೆ, ಗೊತ್ತು ನನಗೆ, ನಾನೂ ಬರೆದುಕೊಂಡಿಲ್ಲ. ಆದರೂ ಮೇಷ್ಟ್ರು ಈಗ ಹಾಸಿಗೆ ಹಿಡಿದಿದ್ದಾರೆ, ದಿನಾ ಬೆಳಿಗ್ಗೆ ಕೇಳುವುದು ಅದೊಂದನ್ನೇ.

ನನ್ನ ಕೋರಿಕೆ ಇದು. ಈ ಕಾಗದ ನಿಮಗೆ ತಲುಪುವುದು ಚೆಂಬಿನ ಫೋಟೊ ಕೆಟ್ಟ ದಿನದ ಸಂಜೆ, ನೀವು ಸಿಟ್ಟಿನಲ್ಲಿ ನಲವತ್ತೇಳನೆಯ ಪುಟ ಬರೆದು ಮುಗಿಸಿದ ಮೇಲೆ. ನೋಟ್‌ಬುಕ್ಕು ಇನ್ನೂ ತೆರೆದೇ ಇರುತ್ತದೆ. ಆ ಇಂಟುವಿನ ಪಕ್ಕ ಅವರ ಹೆಸರು ಬರೆಯಿರಿ, ಸಾಕು. ಸ್ವಲ್ಪ ದುಂಡಗೆ ಬರೆಯಿರಿ ಪುಣ್ಯಾತ್ಗಿತ್ತಿ, ನನ್ನ ಕಣ್ಣು ಮಂಜಾಗುತ್ತಿದೆ.

ಈ ಲಕೋಟೆಯನ್ನು ಹಿಂದಂಚೆಯ ಕಿಟಕಿಯಲ್ಲಿ ಕೊಟ್ಟು, ನೆಟ್ಟಗೆ ಮೇಷ್ಟ್ರ ಮನೆಗೆ ಹೋಗುತ್ತೇನೆ. ಡಬ್ಬ ಅಲ್ಲೇ ಅವರ ತಲೆದೆಸೆಯಲ್ಲಿದೆ. ಅವರನ್ನು ಎಬ್ಬಿಸಿ ಕೂರಿಸಿ, ಪುಟ ತೆಗೆದು, ಇಬ್ಬರೂ ಒಟ್ಟಿಗೆ ಆ ಹೆಸರನ್ನು ಗಟ್ಟಿಯಾಗಿ ಓದುತ್ತೇವೆ.

ನಿಮ್ಮ ಮೊಮ್ಮಗಳ ಮರಿಮೊಮ್ಮಗಳು,
ಚಿತ್ಕಳೆ