ಬಾಗಲಕೋಟ್ಯಾಗ ಹುಟ್ಟಿದ್ದು ಛಲೋ ಆತು

ಅಪ್ಪಾ,

ನಾ ಕಾಲೇಜಿಗೆ ಹೊಂಟೀನಿ. ಮಧ್ಯಾಹ್ನದ ಗಾಡಿಗೆ ಫಕೀರಪ್ಪ ಮಾವ ಬಾಗಲಕೋಟಿಯಿಂದ ಪುಣೇಕ ಬರ್ತಾನ, ನನ್ನ ಹುಟ್ಟಿನ ದಾಖಲೆ ತರ್ತಾನ. ಮುಖಾ ತಿರುಗಿಸಬ್ಯಾಡ್ರಿ!

ಸರಕಾರದ ಸ್ಕಾಲರ್‌ಶಿಪ್ ಇಂಗ್ರೇಜರು ಆಳೂ ಮುಲುಕಿನಾಗ ಹುಟ್ಟಿದವರಿಗಷ್ಟ ಅಂತ, ನಮ್ಮ ಜಮಖಂಡಿ ಸಂಸ್ಥಾನದಾಗ ಹುಟ್ಟಿದವರಿಗೆ ಇಲ್ಲಂತ. ಅದು ಸಿಗಲಿಲ್ಲಂದ್ರ ನನ್ನ ಕಾಲೇಜು ಇಲ್ಲಿಗೇ ಮುಗೀತು. ಆದ್ರ ನಾ ಹುಟ್ಟಿದ್ದು ಇಂಗ್ರೇಜರ ಬಾಗಲಕೋಟ್ಯಾಗ ಅಲ್ಲೇನ್ರಿ! ಬಾಣಂತನಕ್ಕ ತವರಿಗೆ ಕಳಸಂಗಿಲ್ಲ ಅಂತ ನೀವು ಹಟಾ ಹಿಡದಾಗ, ಮಾವ ಜಗಳಾಡಿ ಅವ್ವನ್ನ ಚಕ್ಕಡ್ಯಾಗ ಕೂಡಿಸಿಕೊಂಡು ಹೋದ್ನಲ್ಲ, ಅದರದ ಪುಣ್ಯಾ ಇದು. ಆ ಸಿಟ್ಟಿಗೆ ನೀವು ಇವತ್ತಿನತನಕ ಅವನ ಕೂಡ ಮಾತು ಬಿಟ್ಟೀರಿ.

ಅವ್ವ ಸಾಸವಡಕ್ಕ ಹೋಗ್ಯಾಳ, ಬರೂದು ಸಂಜೀಕ. ರೊಟ್ಟಿ, ಝುಣಕಾ ಮಾಡಿಟ್ಟೀನಿ, ಮಾವಗ ನೀವ ಬಡಸ್ರಿ. ತಪ್ಪಾತು ಅನ್ನೂದೇನು ಬ್ಯಾಡ. "ಇನ್ನೊಂದು ರೊಟ್ಟಿ ತಿನ್ನೋ ಫಕೀರಪ್ಪಾ" ಅನ್ರಿ, ಸಾಕು.

ಶಿವಗಂಗಾ